ಟರ್ಬೊ ಸಿಳ್ಳೆ ನಿಲ್ಲಿಸಲಿಲ್ಲ

ಹದಿನೆಂಟು ವರ್ಷದ ಹಳೇ ಕಾರೊಂದು ದಿಬ್ಬ ಹತ್ತಲಾರದೆ, ಕಪ್ಪು ಹೊಗೆ ಉಗುಳುತ್ತಾ ಗೈಬುಸಾಬ ಮಿಸ್ತ್ರಿಯ ಶೆಡ್ ಸೇರಿತು. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಸಿಳ್ಳೆ ಹೊಡೆಯುವ ಚಾಳಿ. ಹಾಗಾಗಿ ತಪ್ಪೆಲ್ಲ ಅದರ ತಲೆಗೇ ಬಂತು.

"ನಿನ್ನ ಉಸಿರು ಮುಗೀತು ಕಣಪ್ಪ, ಗುಜರಿಗೆ ಹೊರಡು," ಎಂದಿತು ಎಂಜಿನ್.

"ಹೌದು ಯಜಮಾನ್ರೆ, ಕೆಲಸಕ್ಕಿಂತ ಇದರ ಗಲಾಟೆಯೇ ಜಾಸ್ತಿ," ಎಂದಿತು ಟರ್ಬೊದಿಂದ ಎಂಜಿನ್ನಿಗೆ ಗಾಳಿ ಸಾಗಿಸುವ ರಬ್ಬರ್ ಪೈಪು. ಡ್ರೈವರ್ ವಾರವಾರವೂ ಪಾಲಿಶ್ ಹಚ್ಚುತ್ತಿದ್ದರಿಂದ ಅದು ಮದುಮಗನ ಬೂಟಿನಂತೆ ಹೊಳೆಯುತ್ತಿತ್ತು.

ಟರ್ಬೊಗೆ ಮೈಯೆಲ್ಲ ಉರಿಯಿತು. "ನಾನು ಕಳಿಸೋದು ಪೂರ್ತಿ ಗಾಳಿ. ದಾರೀಲಿ ಯಾರೋ ನುಂಗ್ತಿದ್ದಾರೆ. ನನ್ನ ಬಿಚ್ಚೋ ಮುಂಚೆ ಎಲ್ಲರ ಮೈಗೂ ಸೋಪು ನೀರು ಹಾಕಲಿ, ಮೊದಲು ನನಗೇ. ನನ್ನಿಂದ ಗಾಳಿ ಸೋರಿ ಒಂದು ಗುಳ್ಳೆ ಎದ್ದರೂ ನಾನೇ ನಡಕೊಂಡು ಗುಜರಿಗೆ ಹೋಗ್ತೀನಿ."

"ನನಗೆ ಬೇಡಪ್ಪ, ಪಾಲಿಶ್ ಹೋಗುತ್ತೆ," ಎಂದಿತು ಪೈಪು.

ಸ್ಪ್ಯಾನರ್ ಹಿಡಿದು ಬಂದ ಮಿಸ್ತ್ರಿ, ತನ್ನ ರೂಢಿಯಂತೆ ಮೊದಲು ಎಂಜಿನ್ ರೇಸ್ ಮಾಡಿಸಿ ಎಲ್ಲದರ ಮೇಲೂ ಸೋಪು ನೀರು ಸುರಿದ. ಟರ್ಬೊ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಪೈಪಿನ ಹೊಟ್ಟೆಯಡಿ, ಪಾಲಿಶ್ ಬಟ್ಟೆ ತಲುಪದ ಬಿರುಕಿನಲ್ಲಿ, ಬುಸಬುಸನೆ ನೊರೆ ಉಕ್ಕಿತು. ಹೊಳೆಯುವ ಪೈಪೇ ಗುಜರಿ ಬುಟ್ಟಿಗೆ ಬಿತ್ತು.

ಹೊಸ ಪೈಪು ಕೂತ ಮೇಲೆ ಎಂಜಿನ್ ಗಂಟಲು ಸರಿಮಾಡಿಕೊಂಡು, "ಆಯ್ತಪ್ಪ, ಇನ್ನಾದರೂ ಆ ಸಿಳ್ಳೆ ಸ್ವಲ್ಪ ಕಡಿಮೆ ಮಾಡು," ಎಂದಿತು.

ಟರ್ಬೊ ದಿಬ್ಬದ ಬುಡದಿಂದ ತುದಿಯವರೆಗೂ ಸಿಳ್ಳೆ ಹೊಡೆಯಿತು. ಬೈಯಲು ಎಂಜಿನ್ನಿಗೆ ಪುರುಸೊತ್ತಿರಲಿಲ್ಲ. ಅದು ದಿಬ್ಬ ಹತ್ತುತ್ತಿತ್ತು.