ಫಕೀರಪ್ಪನ ಉಂಡಿ

ಬಹಳ ಹಿಂದೆ, ಗುಡ್ಡಕ್ಕೆ ಬಸ್ಸು ಏರದಿದ್ದ ಕಾಲಕ್ಕೆ, ಒಂದೂರಿನಲ್ಲಿ ಫಕೀರಪ್ಪ ಅಂತ ಒಬ್ಬನಿದ್ದ. ಹೊಲವಿಲ್ಲ, ಹೆಂಡತಿಯಿಲ್ಲ, ಒಂದು ಸೈಕಲ್ಲಿತ್ತು. ಹೆಂಡತಿ ಯಾಕಿಲ್ಲ ಅನ್ನೋದಕ್ಕೆ ಮೂರು ಕಥೆಗಳಿದ್ದವು. ಮೂರೂ ರುಚಿಯಾಗಿದ್ದವು, ಈಗ ಬೇಡ.

ನಾಗರ ಪಂಚಮಿ ಬಂತೆಂದರೆ ತವರಿನಿಂದ ಮಗಳ ಮನೆಗೆ ಉಂಡಿಯ ಬುಟ್ಟಿ ಹೋಗಲೇಬೇಕು. ಅವ್ವ ಗುಡ್ಡದ ಈಚೆ, ಮಗಳು ಆಚೆ. ಈಚೆಯ ಊರುಗಳ ಬುಟ್ಟಿಗಳನ್ನೆಲ್ಲ ಕಟ್ಟಿಕೊಂಡು ಫಕೀರಪ್ಪ ಗುಡ್ಡದ ನೆತ್ತಿಯ ದಾರಿ ಹಿಡಿಯುತ್ತಿದ್ದ. ಎಂಥಾ ದಾರಿ ಅಂತೀರಿ! ಉದ್ದಕ್ಕೂ ಬೇವಿನ ಸಾಲು, ಒಂದು ಕಡೆ ಕೆಳಗೆ ಹೊಳೆ, ಇನ್ನೊಂದು ಕಡೆ ಹೆಸರಿನ ಹೊಲ, ಮೇಲೆ ಕೈಗೆ ಸಿಗುವಂಥ ಶ್ರಾವಣದ ಮೋಡ. ಹಗಲೆಲ್ಲ ತುಳಿದರೂ ಬುಟ್ಟಿಯಲ್ಲಿ ಒಂದುಂಡಿಯೂ ಒಡೆಯುತ್ತಿರಲಿಲ್ಲವಂತೆ. ಇಳಿಜಾರಿನಲ್ಲಿ ಗಾಳಿಯೇ ಹಿಂದಿನಿಂದ ಸೈಕಲ್ ಹಿಡಿದುಕೊಳ್ಳುತ್ತಿತ್ತಂತೆ. ನಂಬುವವರು ನಂಬಿ.

ಗುಡ್ಡದಾಚೆ ಗುರವ್ವ ಅಂತ ಒಬ್ಬ ಸೊಸೆ. ದೊಡ್ಡ ಬೇನೆ ಬಂದು ಅವಳ ತವರೇ ಅಳಿದುಹೋಗಿತ್ತು. ಪಂಚಮಿ ದಿನ ಅತ್ತೆ, "ನಮ್ಮನಿಗೆ ಬರೇ ಬಾಯಿ ಬಂದೈತಿ, ಬುಟ್ಟಿ ಬರಂಗಿಲ್ಲ" ಅಂತ ಓಣಿಗೆಲ್ಲ ಕೇಳುವಂತೆ ಅನ್ನುವಳು. ಒಂದು ವರ್ಷ ಫಕೀರಪ್ಪ ಗುರವ್ವನಿಗೂ ಬುಟ್ಟಿ ಕೊಟ್ಟ. ನಿನ್ನ ದೊಡ್ಡವ್ವ ಕಳಿಸ್ಯಾಳ ಅಂದ. ತನಗೊಬ್ಬ ದೊಡ್ಡವ್ವ ಇದ್ದದ್ದು ಗುರವ್ವನಿಗೆ ಗೊತ್ತಿರಲಿಲ್ಲ. ಆದರೂ ನಂಬಿದಳು, ಸೆರಗಿನಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ವರ್ಷ ವರ್ಷವೂ ಬುಟ್ಟಿ ಬಂತು, ಅತ್ತೆಯ ನಾಲಿಗೆ ಗಿಡ್ಡಾಯಿತು.

ಪಕ್ಕದ ಮನೆಯ ಕಲ್ಲವ್ವನ ಮೂಗು ಅವಳಿಗಿಂತ ಒಂದು ಮನೆ ಮುಂದೆ ಇರುತ್ತಿತ್ತು. ಒಂದು ಪಂಚಮಿಗೆ ಬಂದು ಗುರವ್ವನ ಬುಟ್ಟಿ ಕೆದಕಿದಳು. ಶೇಂಗಾ, ರವೆ, ಪುಠಾಣಿ. ಒಂದು ಉಂಡಿ ಕಟ್ಟಿದ ಕೈ ಇನ್ನೊಂದಕ್ಕಿಲ್ಲ. ಎಳ್ಳುಂಡಿಯೊಂದನ್ನು ಕಚ್ಚಿದಳು, ಮೆಣಸು! ಎಳ್ಳಿಗೆ ಮೆಣಸು ಹಾಕುವವಳು ಆ ಸೀಮೆಗೆ ಒಬ್ಬಳೇ, ಕಲ್ಲವ್ವನ ಬೀಗತಿ, ಅವಳ ಸೊಸೆಯ ಅವ್ವ.

"ಯವ್ವಾ, ಬರ್ರೆಲ್ಲಾರೂ! ನಮ್ಮ ಬುಟ್ಟ್ಯಾಗಿಂದ ಕದ್ದು ಇಕಿಗೆ ಕೊಡಾಕತ್ತಾನ! ಗಂಡಸು ಸುಮ್ಮಸುಮ್ಮನ ಕೊಡತಾನೇನು?"

ಅತ್ತೆ ಗುರವ್ವನ ಬಟ್ಟೆಯ ಗಂಟು ತಂದು ಹೊಸ್ತಿಲಾಚೆ ಇಟ್ಟಳು. ಗಂಡ ನೆಲ ನೋಡಿದ, ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ. ಫಕೀರಪ್ಪನನ್ನು ಎಳೆದು ತಂದರು.

"ಬೇವಿನ ಬುಡಕ ಕುಂತು ಒಂದೊಂದು ಬುಟ್ಟಿಂದ ಒಂದೊಂದು ತಗದೇನ್ರಿ. ದೊಡ್ಡವ್ವ ಅನ್ನಾಕಿ ಇಲ್ಲ. ಈ ತಂಗಿದು ತಪ್ಪಿಲ್ಲ," ಅಂದ.

ಗುರವ್ವ ಹೊಸ್ತಿಲಾಚೆಯ ಗಂಟಿನ ಕಡೆ ನೋಡಲೇ ಇಲ್ಲವಂತೆ. "ಹಂಗಾರ ನನಗ ಯಾರೂ ಇಲ್ಲೇನಣ್ಣಾ?" ಅಂದಳಂತೆ.

ಆಗ ಎದ್ದಳು ನೋಡಿ, ಅತ್ತೆಯೆದುರು ಕೆಮ್ಮಲೂ ಹೆದರುತ್ತಿದ್ದ ಕಲ್ಲವ್ವನ ಸೊಸೆ. ಒಳಗಿನಿಂದ ತನ್ನ ಬುಟ್ಟಿಯನ್ನೇ ತಂದು, ಮನೆಮಗಳಿಗೆ ತುಂಬುವ ಹಾಗೆ ಗುರವ್ವನ ಉಡಿ ತುಂಬಿದಳು. "ನಮ್ಮವ್ವ ನಿನಗೂ ಅವ್ವನ ತಗೋ," ಅಂದಳು. ಅವಳ ಹಿಂದೆ ಇನ್ನೊಬ್ಬ ಸೊಸೆ ಬಂದಳು, ಅವಳ ಹಿಂದೆ ಓಣಿಯೇ ಬಂತು. ಉಡಿ ಸಾಲದೆ ಸೆರಗು ಕಟ್ಟಿದರು. ಅತ್ತೆ ಮೆಲ್ಲಗೆ ಗಂಟು ಒಳಗಿಟ್ಟಳು. ಕೊನೆಗೆ ಕಲ್ಲವ್ವನೂ ಒಂದು ಎಳ್ಳುಂಡಿ ತಂದಿಟ್ಟು, "ಖಾರ ಐತಿ, ನೋಡಿ ತಿನ್ನು," ಅಂದಳಂತೆ.

ಫಕೀರಪ್ಪ ಸತ್ತದ್ದನ್ನು ಯಾರೂ ನೋಡಲಿಲ್ಲ. ನೆತ್ತಿಯ ದಾರಿಯಲ್ಲಿ ತುಳಿಯುತ್ತಾ ಮೋಡದೊಳಗೇ ಹೋದ ಅನ್ನುತ್ತಾರೆ. ಸೈಕಲ್ ಬೇವಿಗೆ ಒರಗಿತ್ತು ಅಂತಲೂ ಅನ್ನುತ್ತಾರೆ. ಎರಡೂ ಹೇಗೆ ಆದೀತು ಅಂತ ನನ್ನ ಕೇಳಬೇಡಿ.

ಈಗ ಆ ದಾರಿಯಲ್ಲಿ ಬಸ್ಸು ಓಡುತ್ತದೆ. ಆದರೆ ನಮ್ಮ ಸೀಮೆಯ ಅವ್ವಂದಿರು ಪಂಚಮಿ ಬುಟ್ಟಿಗೆ ಇಂದಿಗೂ ಒಂದುಂಡಿ ಹೆಚ್ಚಿಗೆ, ಬೇರೆ ಅರಿವೆಯಲ್ಲಿ ಕಟ್ಟಿ ಇಡುತ್ತಾರೆ. ಅದು ಫಕೀರಪ್ಪನ ಉಂಡಿ. ಬುಟ್ಟಿ ಬಿಚ್ಚಿದ ಮಗಳು ಮೊದಲು ಅದನ್ನು ಓಣಿಯಲ್ಲಿ ತವರಿಲ್ಲದವಳಿಗೆ ಕೊಟ್ಟು, "ನಿನ್ನ ದೊಡ್ಡವ್ವ ಕಳಿಸ್ಯಾಳ" ಅನ್ನಬೇಕು. ಯಾವ ದೊಡ್ಡವ್ವ ಅಂತ ಇವತ್ತಿಗೂ ಯಾರೂ ಕೇಳಿಲ್ಲ.