ವಾಟರ್ಲೂ ಹೊಲದ ಬೆಳೆ

"ಅಪ್ಪಾವ್ರ, ವಾಟರ್ಲೂ ಅಂದ್ರ ಏನ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದ ಅಡವಯ್ಯನ ಕೈಯಲ್ಲಿ ಪತ್ರಿಕೆಯ ಒಂದು ತುಂಡು ಇತ್ತು. ಮೂರು ದಿನದಿಂದ ಮಡಚಿ ಬಿಚ್ಚಿ, ಬಿಚ್ಚಿ ಮಡಚಿ, ಅದು ಹರಿಯುವ ಹಾಗಾಗಿತ್ತು.

ನೆಲಗೋಳದ ಶ್ರಾವಣ ಪ್ರವಚನಕ್ಕೆ ಗುರುಗಳು ಈ ಶಿಷ್ಯನನ್ನು ಕಳಿಸಿದ್ದರು. ಹನ್ನೊಂದನೆಯ ಸಂಜೆ ಸಭೆಯಲ್ಲಿ ಒಬ್ಬ ಮುದುಕ ಎದ್ದು ಪ್ರಶ್ನೆ ಕೇಳಿದ. ಅಡವಯ್ಯನ ಬಾಯಿ ಕಟ್ಟಿತು. ಸಭೆ ನಕ್ಕಿತು. ಪ್ರವಚನ ಹೇಳುವವರಿಗೆ ದಿನಕ್ಕೊಂದು ಮನೆಯವರು ಸರದಿಯಂತೆ ಬುತ್ತಿ ತರುವುದು ಆ ಊರಿನ ರೂಢಿ. ಮರುದಿನದ ಬುತ್ತಿ ಬರುವ ಮೊದಲೇ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿದ. 'ಯುವ ಪ್ರವಚನಕಾರರಿಗೆ ವಾಟರ್ಲೂ ಆದ ನೆಲಗೋಳ' ಎಂದು ಪತ್ರಿಕೆ ಬರೆಯಿತು. ಗಾಯದ ಮೇಲೆ ಬರೆ ಎಳೆದಂತಾಯಿತು. ಈಗ ಆ ಊರಿನವರು ಉಳಿದ ಪ್ರವಚನಕ್ಕೆ ಅವನನ್ನೇ ಕರೆದೊಯ್ಯಲು ಬಂದು ಮಠದ ಕಟ್ಟೆಯ ಮೇಲೆ ಕೂತಿದ್ದರು.

"ಆ ಊರ ಹೆಸರು ಕೇಳಿದ್ರ ಮೈ ಉರೀತದ್ರಿ. ಬ್ಯಾರೆ ಯಾರನ್ನರೆ ಕಳಸ್ರಿ" ಎಂದ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕತೆ ಹೇಳಿದರು.

ಬೆಲ್ಜಿಯಂ ದೇಶದಲ್ಲಿ ವಾಟರ್ಲೂ ಎಂಬ ಊರಿದೆ. ನೀರು ನಿಂತ ಹುಲ್ಲುಗಾವಲು ಎಂಬ ಅರ್ಥದಿಂದ ಆ ಹೆಸರು ಬಂತೆನ್ನುತ್ತಾರೆ. ಅಲ್ಲಿ ಒಂದು ದಿನ ಮಹಾಯುದ್ಧ ನಡೆದು ಫ್ರಾನ್ಸಿನ ಚಕ್ರವರ್ತಿ ಸೋತ. ಗೆದ್ದ ಇಂಗ್ಲಿಷರು ಲಂಡನ್ನಿನ ಒಂದು ಸೇತುವೆಗೆ ಆ ಹೆಸರಿಟ್ಟರು. ಆಮೇಲೆ ರೈಲು ನಿಲ್ದಾಣಕ್ಕೂ ಬಂತು. ಸೋತವರ ಬಾಯಲ್ಲಿ ಅದೇ ಹೆಸರು ಬೇವಿಗಿಂತ ಕಹಿಯಾಯಿತು. ಕೊನೆಗೆ ಯಾರು ಎಲ್ಲಿ ಮುಗ್ಗರಿಸಿದರೂ ವಾಟರ್ಲೂ ಎನ್ನುವುದು ವಾಡಿಕೆಯಾಯಿತು. ಹುಲ್ಲುಗಾವಲು ಯಾರಿಗೆ ಬೇಕು?

ಅಡವಯ್ಯ ಕೂತಲ್ಲೇ ಮಿಸುಕಾಡಿದ.

ಸೋತ ಸೈನ್ಯದ ಒಬ್ಬ ಸಿಪಾಯಿ ಇದ್ದ. ಸಂತೆಯಲ್ಲಿ ಯಾರಾದರೂ ಆ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಊರು ಬಿಟ್ಟ, ಕೆಲಸ ಬಿಟ್ಟ, ಆದರೆ ಹೆಸರು ಅವನನ್ನು ಬಿಡಲಿಲ್ಲ. ಇಪ್ಪತ್ತು ವರ್ಷವಾದ ಮೇಲೆ, ಆ ನೆಲಕ್ಕೆ ಉಗಿದಾದರೂ ಬರೋಣ ಎಂದು ಹೊರಟ. ಅಲ್ಲಿ ಒಬ್ಬ ರೈತ ಕಳೆ ಕೀಳುತ್ತಿದ್ದ. ಬಂದವನ ಬಾಡಿದ ಮುಖ ನೋಡಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ.

"ನಾನು ಎಲ್ಲವನ್ನೂ ಕಳೆದುಕೊಂಡದ್ದು ಇಲ್ಲೇ" ಎಂದ ಸಿಪಾಯಿ. "ವಾಟರ್ಲೂ ಎಂದರೆ ನಿನಗೇನು ನೆನಪಾಗುತ್ತದೆ?"

"ಅಂದು ಇಲ್ಲಿ ಆಳೆತ್ತರದ ಬೆಳೆ ನಿಂತಿತ್ತು. ಕೊಯ್ಲಿಗೆ ಇನ್ನೇನು ತಿಂಗಳು. ಗೆದ್ದವರೂ ತುಳಿದಿರಿ, ಸೋತವರೂ ತುಳಿದಿರಿ. ಆ ಚಳಿಗಾಲ ನನ್ನ ಮಕ್ಕಳು ಉಪವಾಸ ಮಲಗಿದರು."

ಸಿಪಾಯಿಗೆ ಫಿರಂಗಿ ನೆನಪಿತ್ತು, ಹೊಗೆ ನೆನಪಿತ್ತು, ಬೆನ್ನು ತೋರಿಸಿ ಓಡಿದ್ದೂ ನೆನಪಿತ್ತು. ಕಾಲ ಕೆಳಗೆ ಬೆಳೆ ಇದ್ದದ್ದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಅಂಗಿಯ ತೋಳು ಮಡಚಿ ರೈತನ ಪಕ್ಕದ ಸಾಲಿನಲ್ಲಿ ಕಳೆ ಕೀಳಲು ಕೂತ.

ಕತೆ ಮುಗಿಯಿತು. ಅಡವಯ್ಯನ ತಳಮಳ ಮುಗಿಯಲಿಲ್ಲ.

"ಅವಾ ಸಿಪಾಯಿ ಆತ್ರಿ. ನನಗೂ ಅದಕ್ಕೂ ಏನ್ ಸಂಬಂಧರಿ? ನಾ ಯಾರ ಬೆಳಿ ತುಳದೀನ್ರಿ?"

ಗುರುಗಳು ಕಟ್ಟೆಯ ಮೇಲೆ ಕೂತವರ ಕಡೆಗೊಮ್ಮೆ ನೋಡಿ, ಮೆಲ್ಲಗೆ ಕೇಳಿದರು:

"ನೀ ಉಣ್ಣದ ಬಿಟ್ಟು ಬಂದ ಬುತ್ತಿ ಯಾರ ಮನೀದಿತ್ತು, ತಮ್ಮಾ?"