ಹೊಲಕ್ಕೆ ಹೋದ ಮನೆ

"ಗುರುಗಳೆ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲೂ ತಪ್ಪಿರುತ್ತದೆಯೆ?" ಎಂದು ಮಠದ ಉಸ್ತುವಾರಿ ನೋಡುವ ಶಿಷ್ಯ ಮಡಿವಾಳಯ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಮಠದ ಅಡುಗೆಮನೆಯಲ್ಲಿ ಮುದುಕ ಚೆನ್ನವೀರಪ್ಪ ನಲವತ್ತು ವರ್ಷದಿಂದ ಅಂಬಲಿ ಕಾಯಿಸುತ್ತಿದ್ದ. ಈಚೆಗೆ ಅವನ ಕೈ ನಡುಗುತ್ತಿತ್ತು. ಮಡಿವಾಳಯ್ಯ ಕನಿಕರಪಟ್ಟು, ಇನ್ನು ನೀವು ಸುಮ್ಮನೆ ಕೂತು ಉಣ್ಣಿರಿ ಎಂದು ಹೇಳಿ ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದ. ನಿನ್ನೆಯಿಂದ ಮುದುಕ ಕಟ್ಟೆಯ ಮೇಲೆ ಕೂತಿದ್ದ, ಆದರೆ ಉಂಡಿರಲಿಲ್ಲ.

ಗುರುಗಳು ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟವರಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆ ಊರೊಳಗೆ ಇರಲಿಲ್ಲ, ಹೊಲದಲ್ಲೇ ಇತ್ತು. ಮುತ್ತಜ್ಜ ಅಲ್ಲಿ ಬಾವಿ ತೋಡಿ ಪಕ್ಕದಲ್ಲಿ ಜೋಳದ ದಂಟಿನ ಗುಡಿಸಲು ಹಾಕಿದ. ಅಜ್ಜ ಗುಡಿಸಲಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ತೊಲೆ ಹಾಕಿ, ಮಣ್ಣಿನ ಮಾಳಿಗೆ ಹೊದಿಸಿದ. ಅಪ್ಪ ಮುಂದೆ ದನದ ಕೊಟ್ಟಿಗೆ ಸೇರಿಸಿದ, ಹಿಂದೆ ಅಡುಗೆಮನೆ ಸೇರಿಸಿದ. ಆ ವಂಶದಲ್ಲಿ ಯಾರಿಗೂ ಕೆಡವುವ ಬುದ್ಧಿ ಇರಲಿಲ್ಲ, ದಾರ ಹಿಡಿದು ಕಟ್ಟುವ ಬುದ್ಧಿಯೂ ಇರಲಿಲ್ಲ. ಹೀಗಾಗಿ ಮನೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಕೊಟ್ಟಿಗೆಯಿಂದ ಪಡಸಾಲೆಗೆ ಎರಡು ಮೆಟ್ಟಿಲು ಹತ್ತಬೇಕು, ಅಡುಗೆಮನೆಗೆ ಒಂದು ಮೆಟ್ಟಿಲು ಇಳಿಯಬೇಕು. ನಡುವಿನ ಬಾಗಿಲಲ್ಲಿ ತಲೆ ಬಗ್ಗಿಸದವರ ಹಣೆಗೆ ಬಾಗಿಲೇ ಬುದ್ಧಿ ಹೇಳುತ್ತಿತ್ತು.

ರೈತನ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಬಂದ ಬೀಗರು ಎರಡು ದಿನ ಉಳಿದರೂ ಅವರಿಗೆ ಅದು ತಿಳಿಯುತ್ತಿರಲಿಲ್ಲ. ಬೆಳಗಾದರೆ ಕೊಟ್ಟಿಗೆಗೆ ಇಳಿದು ಹಸು ಕರೆಯುವಳು, ಹಾಲಿನ ಚರಿಗೆ ಹಿಡಿದು ನಡುಬಾಗಿಲಲ್ಲಿ ತಾನಾಗಿ ತಲೆ ಬಗ್ಗಿಸಿ ಒಲೆಯ ಮುಂದೆ ಹೋಗಿ ಕೂಡುವಳು. ಒಂದು ಕೈ ಗೋಡೆಯ ಮೇಲೆ ಇರುತ್ತಿತ್ತು. ಆ ಕೈ ಹೋಗುವ ಎತ್ತರಕ್ಕೆ ಗೋಡೆ ಸವೆದು ಸಣ್ಣ ತಗ್ಗಾಗಿತ್ತು.

ಮಗನಿಗೆ ತಾಯಿಯೆಂದರೆ ಜೀವ. ಅವಳು ಮೆಟ್ಟಿಲು ಇಳಿದಾಗಲೆಲ್ಲ ಬಿದ್ದಾಳೆಂದು ಅವನು ಅಂಜುತ್ತಿದ್ದ. ಅವಳು ಒಂದು ದಿನವೂ ಎಡವಿರಲಿಲ್ಲ, ಎಡವುತ್ತಿದ್ದವನು ಅವನೇ. ಆದರೂ ಅಂಜಿಕೆ ಮಾತ್ರ ಅವಳ ಸಲುವಾಗಿ.

ಒಂದು ವರ್ಷ ಬೆಳೆ ಕೈಹಿಡಿಯಿತು. ಈ ಮನೆಯನ್ನು ಕೆಡವಿ, ಮೆಟ್ಟಿಲಿಲ್ಲದ, ಅಂಗೈಯಂಥ ಸಮನೆಲದ ಮನೆ ಕಟ್ಟಿಸಿ ತಾಯಿಯನ್ನು ಸುಖವಾಗಿ ಇಡಬೇಕೆಂದು ಅವನು ನಿಶ್ಚಯಿಸಿದ. ಗೌಂಡಿಯನ್ನು ಕೇಳಿದ, ಬಡಿಗನನ್ನು ಕೇಳಿದ, ಮನೆಯ ಆಯ-ಅಳತೆ ನೋಡುವ ಅಯ್ಯನವರನ್ನು ಕೇಳಿದ, ಹೆಂಡತಿಯನ್ನೂ ಕೇಳಿದ. ತಾಯಿಯನ್ನು ಕೇಳಲಿಲ್ಲ. ಕಣ್ಣಿಲ್ಲದವಳು ಮನೆಯ ವಿಷಯದಲ್ಲಿ ಏನು ಹೇಳಿಯಾಳು ಎಂದುಕೊಂಡ. ಮನೆ ದುರಸ್ತಿ ಇದೆ, ಧೂಳು ಏಳುತ್ತದೆ ಎಂದು ಅವಳನ್ನು ತಂಗಿಯ ಮನೆಗೆ ಬಿಟ್ಟುಬಂದ.

ಮನೆ ಬಿತ್ತು. ಅಜ್ಜನ ತೊಲೆಗಳನ್ನು ಕೊಯ್ಯಿಸಿ ಕಿಟಕಿ ಬಾಗಿಲು ಮಾಡಿಸಿದ. ಗೋಡೆಯ ಮಣ್ಣನ್ನು ಬಂಡಿಯಲ್ಲಿ ಹೊಲಕ್ಕೆ ಹೊಡೆಸಿದ. ಹಳೆಯ ಗೋಡೆಯ ಮಣ್ಣು ಬೆಳೆಗೆ ಒಳ್ಳೆಯ ಗೊಬ್ಬರ, ಅದನ್ನು ಯಾವ ರೈತನೂ ಬಿಸಾಡುವುದಿಲ್ಲ.

ಗೃಹಪ್ರವೇಶದ ದಿನ ಹೊಸ ಮನೆಯೊಳಗೆ ಮೊದಲು ಹಸುವನ್ನು ಕರೆತರುವುದು ಪದ್ಧತಿ. ಮನೆಗೆ ಹಿರಿಯಳೆಂದು ಹಗ್ಗವನ್ನು ತಾಯಿಯ ಕೈಗೆ ಕೊಟ್ಟರು. ಒಳಗೆ ಬಂದದ್ದೇ ಹಸು ಎಡಕ್ಕೆ ತಿರುಗಿತು. ಅದರ ಗೂಟ ಮೊದಲು ಇದ್ದದ್ದು ಆ ಕಡೆಗೆ. ತಾಯಿಯೂ ಎಡಕ್ಕೇ ತಿರುಗಿದಳು. ಈಗ ಅಲ್ಲಿ ಗೋಡೆ. ಹಸು ಮತ್ತು ಮುದುಕಿ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತರು. ಬಂದ ಜನ ನಕ್ಕರು. ಮಗನೂ ನಕ್ಕ. ಸ್ವಲ್ಪ ತಡೆದು ತಾಯಿಯೂ ನಕ್ಕಳು.

ಹಸು ಹೊರಗಿನ ಹೊಸ ಕೊಟ್ಟಿಗೆಗೆ ಹೋಯಿತು. ತಾಯಿಗೆ ಕಿಟಕಿಯ ಬಳಿ ಬೆತ್ತದ ಕುರ್ಚಿ ಹಾಕಿದರು. ಹೊಸ ಗೋಡೆಗಳು ಎಲ್ಲಾ ಕಡೆ ಒಂದೇ ನುಣುಪು, ಕೈಗೆ ಯಾವ ಗುರುತೂ ಸಿಗುತ್ತಿರಲಿಲ್ಲ. ಎಂದೂ ಯಾರನ್ನೂ ಕರೆಯದವಳು ಈಗ ನೀರು ಕುಡಿಯಬೇಕಾದರೂ "ಯಾರರ ಅದೀರೇನು?" ಎಂದು ಕೂಗಬೇಕಾಯಿತು. ಮನೆ ಚೆನ್ನಾಗಿದೆಯೇ ಎಂದು ಮಗ ಕೇಳಿದರೆ, ಚೆನ್ನಾಗಿದೆ ಎನ್ನುತ್ತಿದ್ದಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕುರ್ಚಿ ಬರಿದಾಗಿತ್ತು. ಮಗ ಹೌಹಾರಿದ. ಮೊದಲು ಓಡಿದ್ದು ಬಾವಿಗೆ. ಅಲ್ಲಿ ಇಣುಕಿ ನೋಡಿ, ಉಸಿರು ಬಿಟ್ಟು, ಹೊಲದ ಕಡೆ ತಿರುಗಿದ. ಮಣ್ಣು ಸುರಿದ ಜಾಗದಲ್ಲಿ ಹಸು ನಿಂತಿತ್ತು. ಅದರ ಹಗ್ಗ ಹಿಡಿದುಕೊಂಡೇ ತಾಯಿ ಅಲ್ಲಿಗೆ ಬಂದಿದ್ದಳು. ಹಳೆಯ ಮಣ್ಣು ಎಲ್ಲಿ ಹಾಕಿದಿರಿ ಎಂದು ಬೆಳಗ್ಗೆಯೇ ಸೊಸೆಯನ್ನು ಕೇಳಿ ತಿಳಿದಿದ್ದಳಂತೆ. ಕೂತು ಒಂದೊಂದೇ ಹೆಂಟೆ ಎತ್ತಿ, ಕೈಯಾಡಿಸಿ, ಮೂಸಿ ಇಡುತ್ತಿದ್ದಳು.

"ಯವ್ವಾ, ಈ ಉರಿಬಿಸಲಾಗ ಇಲ್ಲೇನ ಮಾಡಾಕತ್ತಿ?"

"ಏನಿಲ್ಲೋ ನನ್ನಪ್ಪಾ, ಮನೀ ನೋಡಿ ಭಾಳ ದಿನ ಆಗಿತ್ತು. ಇದು ಒಲೀ ಹಿಂದಿನ ಗೋಡಿ ನೋಡು. ಹೊಗಿ ವಾಸನಿ ಇನ್ನೂ ಹೋಗಿಲ್ಲ."

ಮಗ ಅಲ್ಲೇ ಕುಸಿದು ಕೂತು ಅತ್ತ. ಮರುದಿನ ಗೌಂಡಿಯ ಬಳಿ ಹೋಗಿ, ಆ ಹಳೆಯ ಗೋಡೆಯನ್ನು ಇದ್ದಹಾಗೆ ಕಟ್ಟಿಕೊಡು ಎಂದ. ಗೋಡೆ ಕಟ್ಟಿಕೊಡುತ್ತೇನೆ, ಸವೆಸಿಕೊಡಲು ನನಗೆ ಬರುವುದಿಲ್ಲ ಎಂದು ಗೌಂಡಿ ಹೇಳಿದ. ಕಡೆಗೆ ಮಗ ಕುರ್ಚಿಯಿಂದ ಅಡುಗೆಮನೆಯವರೆಗೆ ಒಂದು ಹಗ್ಗ ಕಟ್ಟಿದ. ಅವನ ಮನಸ್ಸು ನೋಯಬಾರದೆಂದು ತಾಯಿ ದಿನಕ್ಕೊಮ್ಮೆ ಅದನ್ನು ಹಿಡಿದು ಹೋಗಿ ಬರುತ್ತಿದ್ದಳು. ಆ ಹೊಸ ಮನೆಯಲ್ಲಿ ಹೀಗೆ ಮೂರು ವರ್ಷ ಬದುಕಿ ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಆ ರೈತನ ಪರವಾಗಿ ಏನಾದರೂ ಹೇಳಬೇಕೆನಿಸಿತು.

"ಕಣ್ಣಿಲ್ಲದ ತಾಯಿಗಾಗಿ ಮಗ ಅಂಜಿದ್ದು ಸಹಜವೇ ಗುರುಗಳೆ. ತೀರಿಕೊಂಡಾಗ ಆಕೆ ಕುರುಡಿಯಾಗಿ ಎಷ್ಟು ವರ್ಷವಾಗಿತ್ತು?"

ಗುರುಗಳು ಅಡುಗೆಮನೆಯ ಕಟ್ಟೆಯ ಕಡೆ ನೋಡಿ ಹೇಳಿದರು:

"ಮೂರು ವರ್ಷ."